ನೆಗ್ಗಿದ ಡಬ್ಬಿ, ಬೆಂದ ಹುರುಳಿ

ಶನಿವಾರ ಸಂಜೆ ಕಂಪನಿಯ ವ್ಯಾನು ಊರ ಮುಂದಿನ ಅರಳಿಕಟ್ಟೆಯ ಬಳಿ ನಿಂತಿತೆಂದರೆ ಶಾಂತಿಯ ಕೈಚೀಲದ ಮೇಲೆ ಹತ್ತು ಜನರ ಕಣ್ಣು ಬೀಳುತ್ತಿತ್ತು. ಕೃಷ್ಣಗಿರಿ ರಸ್ತೆಯ ಟೊಮೆಟೊ ಕಾರ್ಖಾನೆಯಲ್ಲಿ ಅವಳದು ಎಂಟು ವರ್ಷದ ಕೆಲಸ. ಇಳಿಸುವಾಗ ಹೇರುವಾಗ ತುಸು ನೆಗ್ಗಿದ, ಅಂಗಡಿಗೆ ಕಳಿಸಲಾಗದ ಡಬ್ಬಿಗಳನ್ನು ಅಲ್ಲಿ ವಾರಕ್ಕೊಮ್ಮೆ ಕೆಲಸದವರಿಗೆ ಹಂಚುತ್ತಿದ್ದರು. ಒಳಗಿನ ಹಣ್ಣಿಗೆ ಏನೂ ಆಗಿರುತ್ತಿರಲಿಲ್ಲ. ಸಿಪ್ಪೆ ಸುಲಿದ ಇಡೀ ಟೊಮೆಟೊಗಳು ತಮ್ಮದೇ ರಸದಲ್ಲಿ ಮುಳುಗಿ ಕೆಂಪಗೆ ಹೊಳೆಯುತ್ತಿದ್ದವು.

ಟೊಮೆಟೊ ಈ ಸೀಮೆಯವರಿಗೆ ಹೊಸದಲ್ಲ. ಮತ್ತಿಗಿರಿಯಿಂದ ನಾಲ್ಕು ಕಿಲೋಮೀಟರ್ ಆಚೆಯ ಈ ಊರಿನಲ್ಲಿ ಟೊಮೆಟೊ ಬೆಳೆಯದ ಮನೆಯೇ ಇಲ್ಲ. ಆದರೂ ಹೊಲದಿಂದ ಬಂದ ಟೊಮೆಟೊಗೆ ಸಿಗದ ಮರ್ಯಾದೆ ಡಬ್ಬಿಯೊಳಗೆ ಹೋಗಿ ಬಂದ ಟೊಮೆಟೊಗೆ ಸಿಗುತ್ತಿತ್ತು. ಪಕ್ಕದ ಮನೆಯ ಹನುಮಕ್ಕನಂತೂ ಖಾಲಿ ಡಬ್ಬಿಯನ್ನೂ ಬಿಡದೆ ಕೇಳಿ ಇಸಿದುಕೊಂಡು ಹೋಗಿ, ಅದರಲ್ಲಿ ತುಳಸಿ ನೆಟ್ಟು, ಮೇಲೆ ಅಂಟಿಸಿದ ಕಂಪನಿಯ ಚೀಟಿ ಹರಿಯದ ಹಾಗೆ ನೀರು ಹಾಕುತ್ತಿದ್ದಳು.

ಶಾಂತಿಗೂ ಅದರ ಬಗ್ಗೆ ಹೆಮ್ಮೆಯಿತ್ತು, ಸುಳ್ಳೇಕೆ. ಡಬ್ಬಿಯ ಮೇಲಿನ ಚೀಟಿ ನೆಟ್ಟಗೆ ಅಂಟಿದೆಯೇ ಎಂದು ನೋಡುವುದು ಅವಳ ಕೆಲಸ. ದಿನಕ್ಕೆ ಸಾವಿರಾರು ಡಬ್ಬಿಗಳು ಅವಳ ಕಣ್ಣ ಮುಂದೆ ಸಾಗುತ್ತಿದ್ದವು. ಒಂದು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಅವಳ ಕೈ ತಾನಾಗಿ ಮುಂದೆ ಹೋಗಿ ಅದನ್ನು ಬದಿಗೆ ತೆಗೆಯುತ್ತಿತ್ತು. ದೊಡ್ಡ ದೊಡ್ಡ ಊರಿನವರು ತಿನ್ನುವ ಪದಾರ್ಥ ತನ್ನ ಮನೆಯವರೂ ತಿನ್ನುತ್ತಾರೆ ಎಂಬ ಸಮಾಧಾನದಲ್ಲಿ ಅವಳು ಪ್ರತಿ ಶನಿವಾರ ಮೂರು ಡಬ್ಬಿ ಹೊತ್ತು ತರುತ್ತಿದ್ದಳು.

ಆ ಮನೆಯಲ್ಲಿ ಒಲೆ ಅತ್ತೆ ಭದ್ರಮ್ಮನದು. ವಾರಕ್ಕೆ ನಾಲ್ಕು ದಿನ ಹುರುಳಿ ಬೇಯುತ್ತಿತ್ತು. ಬೆಂದ ನೀರನ್ನು ಬಸಿದರೆ ಕಟ್ಟು. ಅದಕ್ಕೆ ಖಾರ ಹಾಕಿ ಸಾರು. ಉಳಿದ ಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಗುಗ್ಗರಿ. ಸಾರೂ ಗುಗ್ಗರಿಯೂ ಗಂಡಸರಿಗೆ, ಅಂದರೆ ಶಾಂತಿಯ ಗಂಡ ರಘುನಾಥನಿಗೆ ಮತ್ತು ಐಟಿಐ ಓದುತ್ತಿದ್ದ ಮಗ ಅರುಣ್‌ಕುಮಾರನಿಗೆ. ಅವರ ತಟ್ಟೆಯಲ್ಲಿ ಮಿಕ್ಕದ್ದು ಹಿತ್ತಿಲ ಹಸುವಿನ ಬೂಸಾಕ್ಕೆ. ಹೆಂಗಸರಿಗೆ ಮುದ್ದೆ, ಟೊಮೆಟೊ ಸಾರು. ಹುರುಳಿ ಉಷ್ಣ, ಹೆಣ್ಣುಮೈಗೆ ಆಗಿಬರುವುದಿಲ್ಲ, ತಿಂದರೆ ಮುಟ್ಟು ನಿಲ್ಲುವುದಿಲ್ಲ ಎಂಬುದು ಭದ್ರಮ್ಮನ ಕಟ್ಟಳೆ. ಮದುವೆಯಾಗಿ ಬಂದ ಮೊದಲ ವರ್ಷ ಶಾಂತಿಗೆ ಇದು ವಿಚಿತ್ರವೆನಿಸಿತ್ತು. ಆಮೇಲೆ ಅಭ್ಯಾಸವಾಯಿತು. ಇಪ್ಪತ್ತು ವರ್ಷ ಒಂದೇ ಕಡೆ ಉಂಡರೆ ಯಾವುದಾದರೂ ಅಭ್ಯಾಸವಾಗುತ್ತದೆ.

ಮಗಳು ಭಾನು ಚಿಕ್ಕವಳಿದ್ದಾಗ ಅಣ್ಣನ ತಟ್ಟೆಗೇ ಕೈ ಹಾಕಿ ಗುಗ್ಗರಿ ಮುಕ್ಕುತ್ತಿದ್ದಳು. ಯಾರೂ ಏನೂ ಅನ್ನುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಅವಳು ದೊಡ್ಡವಳಾದಳು; ಆರತಿ ಮಾಡಿ, ಸೋದರಮಾವ ತಂದ ಸೀರೆ ಉಡಿಸಿ, ಊರಿಗೆಲ್ಲ ಊಟ ಹಾಕಿದರು. ಮಾರನೆಯ ದಿನ ಅವಳ ಕೈ ಅಣ್ಣನ ತಟ್ಟೆಯತ್ತ ಹೋದಾಗ ಅಜ್ಜಿ ಸೌಟಿನ ಹಿಡಿಯಿಂದ ಮೆಲ್ಲಗೆ ತಟ್ಟಿದಳು. ಭಾನು ಅಮ್ಮನ ಮುಖ ನೋಡಿದಳು. ಶಾಂತಿ ಮಗಳ ತಟ್ಟೆಗೆ ಇನ್ನೊಂದು ಸೌಟು ಟೊಮೆಟೊ ಸಾರು ಬಿಟ್ಟಳು.

ಆ ಭಾನುವಿಗೆ ಈಗ ಹದಿನಾರು. ಮತ್ತಿಗಿರಿಯ ಶಾಲೆಯಲ್ಲಿ ಕಬಡ್ಡಿ ಆಡುತ್ತಿದ್ದಳು. ಸುಮ್ಮನೆ ಆಡುವುದಲ್ಲ, ಎದುರಾಳಿಯ ಅಂಗಳಕ್ಕೆ ನುಗ್ಗಿದರೆ ಕನಿಷ್ಠ ಒಬ್ಬಳನ್ನಾದರೂ ಮುಟ್ಟದೆ ವಾಪಸು ಬರುವವಳಲ್ಲ. ಜಿಲ್ಲಾ ತಂಡದ ಆಯ್ಕೆಗೆ ಮೂರು ತಿಂಗಳಿತ್ತು, ಅವಳ ಹೆಸರು ಪಟ್ಟಿಯಲ್ಲಿತ್ತು. ಆಗಸ್ಟಿನ ಒಂದು ಮಧ್ಯಾಹ್ನ ಅಭ್ಯಾಸದಲ್ಲಿ ನುಗ್ಗಿದವಳು ಯಾರೂ ಹಿಡಿಯದೆಯೇ ನೆಲಕ್ಕೆ ಕುಸಿದಳು. ಕಾರ್ಖಾನೆಗೆ ಫೋನು ಬಂದಾಗ ಶಾಂತಿ ಕೈಗವಸು ಬಿಚ್ಚುವುದನ್ನೂ ಮರೆತು ಓಡಿದಳು.

ಆಸ್ಪತ್ರೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಹನ್ನೆರಡಿರಬೇಕಾದ ಹಿಮೋಗ್ಲೋಬಿನ್ ಏಳೂವರೆ ಚಿಲ್ಲರೆ ಇತ್ತು. ಮಾತ್ರೆ ಬರೆದುಕೊಟ್ಟು, ಹೊಟ್ಟೆಗೆ ಸರಿಯಾಗಿ ಹಾಕಿ ಎಂದು ಹೇಳಿ, ಹತ್ತು ದಾಟುವವರೆಗೆ ಕಬಡ್ಡಿಯ ಮಾತೆತ್ತಬೇಡಿ ಎಂದರು. ಏಳಕ್ಕಿಂತ ಕೆಳಗಿಳಿದರೆ ರಕ್ತ ಹಾಕಬೇಕಾಗುತ್ತದೆ ಎಂದೂ ಹೇಳಿದರು. ಬಸ್ಸಿನಲ್ಲಿ ಬರುವಾಗ ಭಾನು ಕಿಟಕಿಯಾಚೆ ನೋಡುತ್ತ ಒಂದೇ ಸಮನೆ ಅಳುತ್ತಿದ್ದಳು. ರಕ್ತಕ್ಕಲ್ಲ, ಕಬಡ್ಡಿಗೆ.

ಮನೆಗೆ ಬಂದ ಮೇಲೆ ಅತ್ತೆ ಸೊಸೆಯರು ಒಂದಾದರು. ಭದ್ರಮ್ಮ ಮೊಮ್ಮಗಳ ತಲೆ ಸವರಿ, ರಕ್ತ ಕೆಂಪು, ಟೊಮೆಟೊ ಕೆಂಪು, ಇದಕ್ಕಿಂತ ಬೇರೆ ಮದ್ದು ಬೇಕೇ ಎಂದಳು. ಶಾಂತಿಗೂ ಅದು ಸರಿಯೆನಿಸಿತು. ತಾನೇ ಕೈಯಾರೆ ನೋಡಿ ಕಳಿಸುವ ಟೊಮೆಟೊ, ಅದರಲ್ಲಿ ಶಕ್ತಿ ಇಲ್ಲದಿರುತ್ತದೆಯೇ? ಜೊತೆಯವರನ್ನು ಕೇಳಿಕೊಂಡು ವಾರಕ್ಕೆ ಆರು ಡಬ್ಬಿ ತಂದಳು. ಬೆಳಿಗ್ಗೆ ಒಂದು ಲೋಟ ರಸ, ಮಧ್ಯಾಹ್ನ ಅನ್ನಕ್ಕೆ ಗೊಜ್ಜು, ಸಂಜೆ ಮುದ್ದೆಗೆ ಸಾರು. ಮಾತ್ರೆ ಹೊಟ್ಟೆ ತೊಳಸುತ್ತದೆಂದು ಭಾನು ಎರಡು ದಿನಕ್ಕೊಂದು ಬಿಟ್ಟಳು. ಮಾತ್ರೆಯೂ ಉಷ್ಣವೇ ಇರಬೇಕು ಎಂದು ಅಜ್ಜಿ ಅದಕ್ಕೆ ಒಪ್ಪಿಗೆ ಕೊಟ್ಟಳು. ಟೊಮೆಟೊ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಒಂದು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ ರಕ್ತ ಮೊದಲಿಗಿಂತ ಇನ್ನಷ್ಟು ಇಳಿದು ಏಳರ ಅಂಚಿಗೆ ಬಂದಿತ್ತು.

ಆ ದಿನ ಅಲ್ಲಿದ್ದ ನರ್ಸಮ್ಮ ತಮಿಳಿನವಳು, ಕನ್ನಡ ತೆಲುಗು ಮೂರೂ ಬೆರೆಸಿ ಮಾತಾಡುವವಳು, ಊರೂರು ತಿರುಗಿ ಬಸುರಿಯರನ್ನು ನೋಡಿಕೊಳ್ಳುವ ಕೆಲಸ. ಭಾನುವಿನ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಶಾಂತಿಗೆ ತೋರಿಸಿದಳು. ಒಳಗೆ ಕೆಂಪಿರಬೇಕಾದ ಕಡೆ ಬಿಳಿಚಿಕೊಂಡಿತ್ತು. ಏನು ತಿನ್ನಿಸುತ್ತಿದ್ದೀಯ ಎಂದು ಕೇಳಿದಳು. ಶಾಂತಿ ಹೆಮ್ಮೆಯಿಂದಲೇ ಚೀಲದಲ್ಲಿದ್ದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಆಸ್ಪತ್ರೆಯವರಿಗೆ ಕೊಡೋಣವೆಂದು ತಂದಿದ್ದ ಡಬ್ಬಿ ಅದು.

ನರ್ಸಮ್ಮ ಅದನ್ನು ತಿರುಗಿಸಿ ಹಿಂಭಾಗ ಶಾಂತಿಯ ಕಡೆ ಮಾಡಿದಳು. "ಇದ್ರಲ್ಲಿ ಏನಿದೆ ಅಂತ ಓದಮ್ಮಾ."

ಶಾಂತಿ ಓದಿದಳು. ಹತ್ತನೇ ತರಗತಿವರೆಗೆ ಓದಿದವಳು, ಇಂಗ್ಲಿಷ್ ಅಕ್ಷರ ಕೂಡಿಸಿಕೊಳ್ಳಬಲ್ಲಳು. ನೂರು ಗ್ರಾಮಿನಲ್ಲಿ ಪ್ರೋಟೀನು ಒಂದು ಗ್ರಾಂ. ಕಬ್ಬಿಣ ಒಂದು ಮಿಲಿಗ್ರಾಮಿಗೂ ಕಡಿಮೆ. ಉಪ್ಪಿನ ಅಂಕಿ ಮಾತ್ರ ಧಾರಾಳವಾಗಿತ್ತು. ಎಂಟು ವರ್ಷದಲ್ಲಿ ಎಷ್ಟು ಲಕ್ಷ ಸಲ ಈ ಚೀಟಿ ಅವಳ ಕಣ್ಣ ಮುಂದೆ ಹಾದುಹೋಗಿತ್ತೋ. ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ನೋಡಿದ್ದಳೇ ಹೊರತು ಅದರಲ್ಲಿ ಏನು ಬರೆದಿದೆ ಎಂದು ಒಂದು ಸಲವೂ ನೋಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ನರ್ಸಮ್ಮ ಗೋಡೆಗೆ ಅಂಟಿಸಿದ್ದ ಪಟ್ಟಿಯ ಮೇಲೆ ಬೆರಳಿಟ್ಟಳು. ಬೇಯಿಸಿದ ಕಾಳು, ಹುರುಳಿಯೋ ಅಲಸಂದೆಯೋ ಕಡಲೆಯೋ, ಅದೇ ನೂರು ಗ್ರಾಮಿಗೆ ಪ್ರೋಟೀನು ಏಳೆಂಟು ಗ್ರಾಂ, ಕಬ್ಬಿಣ ಎರಡು ಮೂರು ಪಟ್ಟು. ಶಾಂತಿ ಗೋಡೆಯನ್ನೂ ಡಬ್ಬಿಯನ್ನೂ ಎರಡೆರಡು ಸಲ ನೋಡಿದಳು. ಅತ್ತೆಯ ಮಾತು ನೆನಪಾಗಿ, ಮನೆಯಲ್ಲಿ ಕಾಳು ಗಂಡನಿಗೂ ಮಗನಿಗೂ ಮಾತ್ರ, ಹುರುಳಿ ಉಷ್ಣ ಅಲ್ಲವೇ, ಮುಟ್ಟಿನ ಹುಡುಗಿಗೆ ಕೊಡಬಹುದೇ ಎಂದು ಕೇಳಿದಳು.

"ತಿಂಗ್ಳು ತಿಂಗ್ಳು ರಕ್ತ ಹೋಗೋದು ಹುಡ್ಗೀಗೆ. ಕಾಳು ತಿನ್ನೋದು ಅವಳ ಅಣ್ಣ. ಇದೇನ್ ಲೆಕ್ಕಮ್ಮಾ?" ಎಂದಳು ನರ್ಸಮ್ಮ. ಶಾಂತಿಯ ಮುಖ ನೋಡಿ ಮರುಕ ಹುಟ್ಟಿತೋ ಏನೋ, ದನಿ ಇಳಿಸಿ ಮುಂದುವರಿಸಿದಳು. "ಟೊಮೆಟೊ ಮೇಲೆ ನಂಗೇನೂ ಕೋಪ ಇಲ್ಲ. ಅದ್ರ ಹುಳಿ ಒಳ್ಳೇದು, ಕಾಳಿನ ಕಬ್ಬಿಣ ಮೈಗೆ ಹತ್ಬೇಕಾದ್ರೆ ಆ ಹುಳಿ ಬೇಕು. ಜೊತೇಲಿ ಹಾಕು. ಕಾಳಿನ ಬದ್ಲು ಹಾಕ್ಬೇಡ. ಮಾತ್ರೆ ಒಂದಿನಾನೂ ಬಿಡ್ಬಾರ್ದು."

ಬಸ್ಸಿಳಿದು ಮನೆಗೆ ನಡೆಯುವಾಗ ಶಾಂತಿಗೆ ಅತ್ತೆಯ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟು ದೊಡ್ಡದಾಗಿತ್ತು. ಮೂರು ವರ್ಷದ ಹಿಂದೆ ಮಗಳು ಮುಖ ನೋಡಿದಾಗ ತಾನೇನು ಮಾಡಿದ್ದೆ? ಒಂದು ಸೌಟು ಸಾರು ಬಿಟ್ಟು ಬಾಯಿ ಮುಚ್ಚಿಸಿದ್ದೆ. ಕಂಪನಿಯ ಡಬ್ಬಿಗಳ ಮೇಲೆ ಸೊಟ್ಟ ಚೀಟಿ ಹುಡುಕುವವಳು ಮನೆಯಲ್ಲಿದ್ದದ್ದನ್ನು ಕಾಣಲಿಲ್ಲ. ಇವತ್ತು ಇದಕ್ಕೊಂದು ಇತ್ಯರ್ಥ ಆಗಲೇಬೇಕೆಂದು ಅವಳು ನಿಶ್ಚಯಿಸಿದಳು.

ಸಂಜೆ ಗಂಡನೂ ಮಗನೂ ಊಟಕ್ಕೆ ಕುಳಿತಿದ್ದರು. ಭದ್ರಮ್ಮ ಗುಗ್ಗರಿಯ ಪಾತ್ರೆ ಎತ್ತಿಕೊಳ್ಳುವ ಮೊದಲೇ ಶಾಂತಿ ಅದನ್ನು ಎತ್ತಿಕೊಂಡು, ಮೂಲೆಯಲ್ಲಿ ಕುಳಿತಿದ್ದ ಭಾನುವಿನ ತಟ್ಟೆಗೆ ಎರಡು ಸೌಟು ತುಂಬಾ ಬಡಿಸಿದಳು. ಭಾನು ಹೆದರಿ ಕೈ ಹಿಂದಕ್ಕೆಳೆದುಕೊಂಡಳು.

"ಏನ್ ಮಾಡ್ತಿದೀಯೆ?" ಎಂದಳು ಭದ್ರಮ್ಮ. "ಮಗೂನ ಸಾಯಿಸ್ಬೇಕು ಅಂತ ಇದೀಯಾ?"

ಶಾಂತಿ ನರ್ಸಮ್ಮ ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಡಬ್ಬಿ ತಿರುಗಿಸಿ ಅಂಕಿಗಳನ್ನು ಗಂಡನ ಕೈಲಿ ಓದಿಸಿದಳು. ಭದ್ರಮ್ಮ ಒಂದು ಮಾತಿಗೂ ಜಗ್ಗಲಿಲ್ಲ. ಅಂಕಿ ಬರೆದವನು ಹೆಣ್ಣಾಗಿ ಹುಟ್ಟಿದ್ದನೇ ಎಂದು ಕೇಳಿದಳು. ತಾನು ಈ ಮನೆಗೆ ಬಂದು ನಲವತ್ತೈದು ವರ್ಷವಾಯಿತು, ಒಂದು ಕಾಳು ಬಾಯಿಗಿಟ್ಟಿಲ್ಲ, ಸತ್ತುಹೋಗಿದ್ದೇನೆಯೇ ಎಂದು ಕೇಳಿದಳು. ರಘುನಾಥ ಹೊಸೂರಿನ ಲಾರಿ ಬಿಡಿಭಾಗದ ಕಾರ್ಖಾನೆಯಲ್ಲಿ ಹತ್ತು ಗಂಟೆ ನಿಂತು ಬಂದವನು. ಅವನಿಗೆ ಜಗಳವಿಲ್ಲದ ಒಂದು ಮುದ್ದೆ ಬೇಕಿತ್ತು.

"ಅಮ್ಮ ಏನೋ ಕಂಡಿರೋದ್ಕೇ ಹೇಳ್ತಾವಳೆ. ಬುಡು ಶಾಂತಿ, ಮಾತ್ರೆ ಕೊಡ್ತಿದೀವಲ್ಲ" ಎಂದ.

"ಹಸೂಗೆ ಕೊಡ್ತೀವಿ ಹುರುಳಿ. ಅದೂ ಹೆಣ್ಣೇ, ಈಗ ಗಬ್ಬಾನೂ ಆಗಿದೆ. ಅದುಕ್ಕೆ ಉಷ್ಣ ಆಗಲ್ವಾ?" ಎಂದಳು ಶಾಂತಿ. ಗಂಡ ತಟ್ಟೆಯ ಕಡೆ ಬಗ್ಗಿದ. ಅವಳು ಅತ್ತೆಯ ಕಡೆ ತಿರುಗಿದಳು. "ಅತ್ತೆ, ಹೊಲಕ್ಕೆ ಚೆಲ್ಲಿದ್ದು ನಾನು. ಕಂಪನಿಗೆ ರಜ ಹಾಕಿ ಕಿತ್ತಿದ್ದು ನಾನು, ನೀವು, ಭಾನು. ಕಣದಲ್ಲಿ ಬಡ್ದಿದ್ದು ಮೂವರೂ ಹೆಂಗಸ್ರೇ. ಆವಾಗ ಉಷ್ಣ ಆಗ್ಲಿಲ್ಲ. ತಟ್ಟೆಗೆ ಬಂದಾಗ ಹೆಂಗಾಯ್ತದೆ?"

ಭದ್ರಮ್ಮ ಸೆರಗನ್ನು ಬಿಗಿದುಕೊಂಡಳು. "ಈ ಮನೇಲಿ ಒಂದು ಹೆಣ ಎತ್ತಿದ್ದು ಸಾಕು ಕಣಮ್ಮ" ಎಂದಷ್ಟೇ ಹೇಳಿ, ಊಟ ಮಾಡದೆ ಎದ್ದು ಹೋಗಿ ಜಗಲಿಯ ಮೇಲೆ ಕುಳಿತಳು. ಭಾನು ತಟ್ಟೆ ಮುಟ್ಟಲಿಲ್ಲ. ಎಲ್ಲರ ಮುಂದೆ ತನ್ನ ಮೈಯ ಮಾತಾಗಿದ್ದಕ್ಕೆ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತ್ತು. ಆ ಗುಗ್ಗರಿ ಕೊನೆಗೆ ಅರುಣನ ಹೊಟ್ಟೆಗೇ ಹೋಯಿತು.

ಮಾತಿನಿಂದ ಆಗುವ ಕೆಲಸವಲ್ಲ ಇದು ಎಂದು ಶಾಂತಿಗೆ ಅರ್ಥವಾಯಿತು. ಮಾರನೆಯ ದಿನ ಅವಳು ನಸುಕಿನಲ್ಲೇ ಎದ್ದು ಒಲೆಯ ಮುಂದೆ ನಿಂತಳು. ಭದ್ರಮ್ಮ ಎದ್ದು ಬರುವಷ್ಟರಲ್ಲಿ ಅಡುಗೆ ಮುಗಿದಿತ್ತು. ಅತ್ತೆಗೆ ಇನ್ನು ವಿಶ್ರಾಂತಿ, ಒಂದು ವಾರ ಬಡಿಸುವುದು ತಾನೇ ಎಂದಳು. ದನಿಯಲ್ಲಿ ಮರ್ಯಾದೆಗೆ ಕೊರತೆಯಿರಲಿಲ್ಲ, ಜಾಗ ಬಿಡುವ ಲಕ್ಷಣವೂ ಇರಲಿಲ್ಲ.

ಆ ಒಂದು ವಾರ ಮನೆಯ ತಟ್ಟೆಗಳು ಅದಲು ಬದಲಾದವು. ರಘುನಾಥನಿಗೂ ಅರುಣನಿಗೂ ಮುದ್ದೆ, ಡಬ್ಬಿ ಟೊಮೆಟೊ ಸಾರು. ಮಧ್ಯಾಹ್ನದ ಬುತ್ತಿಗೂ ಅದೇ ಟೊಮೆಟೊ ಗೊಜ್ಜು. ಭಾನುವಿಗೂ ತನಗೂ ಕಟ್ಟಿನ ಸಾರು, ಗುಗ್ಗರಿ. ಅತ್ತೆಯ ತಟ್ಟೆಯಲ್ಲಿ ಎರಡನ್ನೂ ಇಟ್ಟಳು. ಭದ್ರಮ್ಮ ಕಾಳನ್ನು ಪಕ್ಕಕ್ಕೆ ಸರಿಸಿ ಉಂಡಳು. ಇದೇನು ಎಂದು ರಘುನಾಥ ಕೇಳಿದಾಗ ಶಾಂತಿ ತಣ್ಣಗೆ ಉತ್ತರ ಕೊಟ್ಟಳು. "ನಮ್ಗೆ ಇಪ್ಪತ್ತು ವರ್ಷ ಸಾಕಾಯ್ತು. ನಿಮ್ಗೆ ಏಳು ದಿನ ಸಾಕಾಗಲ್ವಾ?"

ಗುಗ್ಗರಿ ತಿನ್ನಲು ಭಾನುವನ್ನು ಒಪ್ಪಿಸುವುದೇ ಮೊದಲ ದಿನ ಕಷ್ಟವಾಯಿತು. ಅಜ್ಜಿಯ ಹೆದರಿಕೆ ಅವಳೊಳಗೂ ಇಳಿದಿತ್ತು. ಶಾಂತಿ ಬೈಯಲಿಲ್ಲ, ಪುಸಲಾಯಿಸಲಿಲ್ಲ. ಮಗಳ ಎದುರಿಗೆ ಕುಳಿತು ತಾನೇ ಮೊದಲು ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಇಪ್ಪತ್ತು ವರ್ಷದ ಮೇಲೆ ನಾಲಿಗೆಗೆ ಬಿದ್ದ ಹುರುಳಿ. ಇಷ್ಟು ರುಚಿಯಾದದ್ದನ್ನು ಬೇರೆಯವರಿಗೆ ಬಡಿಸಿಕೊಂಡೇ ಬಂದೆನಲ್ಲ ಎಂದು ಅವಳಿಗೆ ಕಣ್ಣು ತುಂಬಿ ಬಂತು. ಅಮ್ಮನ ಕಣ್ಣು ನೋಡಿ ಭಾನು ತಟ್ಟೆ ಹತ್ತಿರಕ್ಕೆಳೆದುಕೊಂಡಳು.

ಗಂಡಸರ ಪಾಡು ನೋಡುವ ಹಾಗಿತ್ತು. ಎರಡನೆಯ ದಿನವೇ ರಘುನಾಥನಿಗೆ ಬೆಳಗಿನ ಹತ್ತು ಗಂಟೆಗೆ ಹೊಟ್ಟೆ ಕೂಗತೊಡಗಿತು. ಕ್ಯಾಂಟೀನಿನಲ್ಲಿ ಬೋಂಡಾ ತಿಂದು ಸುಧಾರಿಸಿಕೊಂಡ. ಮೂರನೆಯ ದಿನ ಬುತ್ತಿಯಲ್ಲಿ ಹುರುಳಿ ಯಾಕಿಲ್ಲ ಎಂದು ಜೊತೆಯವರು ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದ. ಅರುಣನ ಸ್ಥಿತಿ ಇನ್ನೂ ಕೆಟ್ಟದು. ಐಟಿಐಯಲ್ಲಿ ದಿನವಿಡೀ ನಿಂತು ಕಬ್ಬಿಣ ಉಜ್ಜುವ ಪಾಠ. ಹನ್ನೊಂದಕ್ಕೆಲ್ಲ ಅರ ಹಿಡಿದ ಕೈ ನಿಧಾನವಾಗುತ್ತಿತ್ತು. ಹುರುಳಿ ಪಾತ್ರೆಯ ಸುತ್ತ ಅವನು ಸುಳಿದಾಡಿದಾಗ ಶಾಂತಿ ಪಾತ್ರೆಯನ್ನು ಮಗಳ ಪಕ್ಕಕ್ಕೆ ಸರಿಸಿದಳು. ಕೈ ಹಾಕುವ ಧೈರ್ಯ ಅವನಿಗಾಗಲಿಲ್ಲ.

ಐದನೆಯ ಸಂಜೆ ಅರುಣ ಸಾರಿನಲ್ಲಿ ತೇಲುತ್ತಿದ್ದ ಟೊಮೆಟೊ ನೋಡುತ್ತ ಕುಳಿತವನು ತಲೆಯೆತ್ತಿದ. ತಮಾಷೆಯಿರಲಿಲ್ಲ ಅವನ ಮುಖದಲ್ಲಿ.

"ಅಮ್ಮಾ, ಇದನ್ನ ತಿಂದ್ಕೊಂಡು ಭಾನು ಕಬಡ್ಡಿ ಆಡ್ತಿದ್ಲಾ?"

ರಘುನಾಥ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಎದುರಿಗೆ ಕುಳಿತಿದ್ದ ಮಗಳನ್ನು ಬಹಳ ಹೊತ್ತು ನೋಡಿದ. ಅವಳ ಬಿಳಿಚಿದ ಉಗುರು, ಕಣ್ಣ ಕೆಳಗಿನ ಕಪ್ಪು. ದಿನಾ ಕಾಣುತ್ತಿದ್ದದ್ದೇ. ಎದ್ದು ಕೈ ತೊಳೆಯುವಾಗ ದನಿ ತಗ್ಗಿಸಿ ಹೆಂಡತಿಗೆ, ನಾಳೆಯಿಂದ ಎಲ್ಲರಿಗೂ ಆಗುವಷ್ಟು ನೆನೆಹಾಕು, ಸಾಲದಿದ್ದರೆ ನನಗೆ ಕಡಿಮೆ ಬಡಿಸು ಎಂದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ತನ್ನ ಅಮ್ಮನ ಮಾತಿಗೆ ವಿರುದ್ಧವಾಗಿ ಆಡಿದ ಮೊದಲ ಮಾತು ಅದು.

ಎಲ್ಲ ಕೇಳಿಸಿಕೊಂಡ ಭದ್ರಮ್ಮ ಎರಡು ದಿನ ಜಗಲಿಯ ಮೇಲೇ ಕುಳಿತು ಉಂಡಳು. ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಮೊರದ ತುಂಬ ಹುರುಳಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಶಾಂತಿ ಹೋಗಿ ಪಕ್ಕದಲ್ಲಿ ಕುಳಿತು ತಾನೂ ಆರಿಸತೊಡಗಿದಳು. ಅತ್ತೆ ಮೊರದಿಂದ ಕಣ್ಣೆತ್ತದೆ ಹೇಳಿದಳು.

"ಸುಧಾ ಕೇಳಿದ್ಲು."

ಸುಧಾ ಭದ್ರಮ್ಮನ ಮಗಳು, ರಘುನಾಥನ ಅಕ್ಕ. ನಡುಮನೆಯ ಗೋಡೆಯ ಮೇಲಿನ ಫೋಟೋದಲ್ಲಷ್ಟೇ ಶಾಂತಿ ಅವಳನ್ನು ಕಂಡಿದ್ದಳು. ಹೆರಿಗೆಯಲ್ಲಿ ಸತ್ತಳೆಂಬುದು ಗೊತ್ತಿತ್ತು, ಅದಕ್ಕಿಂತ ಹೆಚ್ಚಿಗೆ ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

"ಬಾಣಂತನಕ್ಕೆ ಬಂದಿದ್ಲು. ಅವ್ವಾ, ಒಂದು ಹಿಡಿ ಗುಗ್ಗರಿ ತಿನ್ಬೇಕು ಅನ್ನಿಸ್ತದೆ ಅಂದ್ಲು. ನಮ್ಮತ್ತೆ ಇದ್ರಲ್ಲ, ಅವ್ರು ಒಪ್ತಿರ್ಲಿಲ್ಲ. ನಾನು ಕದ್ದು ಸೆರಗಲ್ಲಿ ತಂದ್ಕೊಟ್ಟೆ. ಮೂರನೇ ದಿನ ನೋವು ಬಂತು. ರಕ್ತ ನಿಲ್ಲಲೇ ಇಲ್ಲ ಕಣಮ್ಮ. ಹೊಸೂರು ಆಸ್ಪತ್ರೆ ಬಾಗ್ಲಲ್ಲೇ ಹೋಗ್ಬುಟ್ಲು. ಕೈಯಾರೆ ಕೊಂದೆ ಅಂತ ನಮ್ಮತ್ತೆ ಎದೆ ಎದೆ ಬಡ್ಕೊಂಡ್ರು. ಅವತ್ತಿಂದ ನಾನು..."

ಶಾಂತಿ ಕಾಳು ಆರಿಸುವುದನ್ನು ಬಿಟ್ಟಳು. ವಾರವಿಡೀ ತಾನು ಸೆಣಸಿದ್ದು ಹಟಮಾರಿ ಮುದುಕಿಯ ಜೊತೆ ಎಂದುಕೊಂಡಿದ್ದಳು. ಅಲ್ಲಿದ್ದದ್ದು ಇಪ್ಪತ್ತೆರಡು ವರ್ಷದಿಂದ ಒಂದು ಹಿಡಿ ಕಾಳಿನ ಪಾಪ ಹೊತ್ತುಕೊಂಡ ತಾಯಿ. ಅವಳು ಅತ್ತೆಯ ಕೈಯ ಮೇಲೆ ಕೈಯಿಟ್ಟು, ಸುಧಾ ಆಗ ನೋಡಲು ಹೇಗಿದ್ದಳು ಎಂದು ಕೇಳಿದಳು.

"ಬೆಳ್ಳಗೆ. ಬಸುರಿ ಆದ್ಮೇಲೆ ಬಣ್ಣ ಬಂದದೆ ಅಂತ ಎಲ್ರೂ ಅಂತಿದ್ರು. ತುಟೀನೂ ಬೆಳ್ಳಗಿತ್ತು. ನಾಲ್ಕು ಮೆಟ್ಲು ಹತ್ತಿದ್ರೆ ಏದ್ತಿದ್ಲು." ಹೇಳುತ್ತ ಹೇಳುತ್ತ ಭದ್ರಮ್ಮನ ಕೈ ಮೊರದ ಮೇಲೆ ನಿಧಾನವಾಯಿತು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಭಾನುವಿನ ಕಡೆ ನೋಡಿದಳು. ಮತ್ತೆ ಸೊಸೆಯ ಕಡೆ ತಿರುಗಿದಳು.

"ಒಂದು ಹಿಡಿ ಹುರುಳಿ ಯಾರನ್ನೂ ಕೊಲ್ಲಲ್ಲ ಅತ್ತೆ. ನೀವು ಕೊಲ್ಲಲಿಲ್ಲ" ಎಂದಳು ಶಾಂತಿ.

"ಹಂಗಾದ್ರೆ, ಮುಂಚಿಂದ ಕೊಟ್ಟಿದ್ರೆ?"

ಯಾರಿಗೆ ಗೊತ್ತು, ಡಾಕ್ಟರಿಗೂ ಈಗ ಹೇಳಲಾಗದ ಮಾತು. ಭದ್ರಮ್ಮ ಉತ್ತರಕ್ಕೆ ಕಾಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಬೇರೆಯೇ ದನಿಯಲ್ಲಿ ತನ್ನ ತವರಿನ ಮಾತು ತೆಗೆದಳು. ಅಂಚೆಟ್ಟಿ ಕಡೆಯ ಕಾಡಂಚಿನ ಊರು ಅವಳದು. ಮದುವೆಗೆ ಮುಂಚೆ ಮೇಕೆ ಹೊಡೆದುಕೊಂಡು ಬೆಟ್ಟಕ್ಕೆ ಹೋಗುವಾಗ ಅವಳ ಅವ್ವ ದಿನಾ ಸೆರಗಿನ ತುದಿಗೆ ಗುಗ್ಗರಿ ಕಟ್ಟಿ ಕಳಿಸುತ್ತಿದ್ದಳಂತೆ. ಮೈನೆರೆದ ಮೇಲೂ ಕಟ್ಟಿದಳಂತೆ. ಬೆಟ್ಟ ಹತ್ತಿ ಇಳಿದರೂ ಕಾಲು ನೋಯುತ್ತಿರಲಿಲ್ಲವಂತೆ. ಹುರುಳಿ ಹೆಣ್ಣಿಗಾಗದು ಎಂದು ಮೊದಲು ಕೇಳಿದ್ದು ಈ ಮನೆಯ ಹೊಸ್ತಿಲು ದಾಟಿದ ಮೇಲೆ. ಹಾಗಾದರೆ ಈ ಕಟ್ಟಳೆ ಅತ್ತೆಯದೂ ಅಲ್ಲವೇ ಎಂದು ಶಾಂತಿ ಆಶ್ಚರ್ಯದಿಂದ ಅವಳನ್ನೇ ನೋಡಿದಳು. ಭದ್ರಮ್ಮ ಆರಿಸಿದ ಕಾಳನ್ನು ಪಾತ್ರೆಗೆ ಸುರಿದು, ತಾನೇ ಎದ್ದು ಹೋಗಿ ನೀರು ಹಾಕಿ ನೆನೆಯಿಟ್ಟಳು.

ಅಂದಿನಿಂದ ಒಲೆ ಮತ್ತೆ ಭದ್ರಮ್ಮನದೇ ಆಯಿತು. ಕಾಳು ಬೇಯುವಾಗ ಶಾಂತಿಯ ಡಬ್ಬಿಯಿಂದ ಎರಡು ಟೊಮೆಟೊ ಕಿವುಚಿ ಒಗ್ಗರಣೆಗೆ ಹಾಕುವುದನ್ನು ಅವಳು ತಪ್ಪಿಸಲಿಲ್ಲ. ಹುರುಳಿ ಸಾಕೆನಿಸಿದ ದಿನ ಅಲಸಂದೆ, ಕಡಲೆ. ಮೊದಲು ಬಡಿಸುವುದು ಭಾನುವಿಗೆ. ಬೆಳಿಗ್ಗೆ ಮಾತ್ರೆ ನುಂಗಿ ನೀರು ಕುಡಿಯುವವರೆಗೆ ಮೊಮ್ಮಗಳ ಎದುರಿಗೆ ನಿಲ್ಲುವುದೂ ಅಜ್ಜಿಯೇ. ಆದರೆ ತನ್ನ ತಟ್ಟೆಗೆ ಮಾತ್ರ ಕಾಳು ಹಾಕಿಕೊಳ್ಳುತ್ತಿರಲಿಲ್ಲ. ಶಾಂತಿ ಒತ್ತಾಯಿಸಲು ಹೋಗಲಿಲ್ಲ.

ಆಯ್ಕೆಗೆ ವಾರವಿರುವಾಗ ಮತ್ತೆ ಪರೀಕ್ಷೆ ಮಾಡಿಸಿದರು. ಹತ್ತು ದಾಟಿತ್ತು, ಅಂಚಿನಲ್ಲಿ. ನರ್ಸಮ್ಮ ಚೀಟಿಯನ್ನು ಎರಡು ಸಲ ನೋಡಿ, ಓಡಬಹುದು, ಸುಸ್ತಾದರೆ ಕೂತುಕೊಳ್ಳಬೇಕು, ಮಾತ್ರೆ ಇನ್ನೂ ಮೂರು ತಿಂಗಳು ಎಂದಳು. ಭಾನು ಆಸ್ಪತ್ರೆಯ ವರಾಂಡದಲ್ಲೇ ಎರಡು ಸುತ್ತು ಓಡಿಬಿಟ್ಟಳು.

ಆಯ್ಕೆಯ ದಿನ ಶಾಂತಿ ಕಂಪನಿಗೆ ರಜ ಹಾಕಿ ಮತ್ತಿಗಿರಿಯ ಮೈದಾನಕ್ಕೆ ಬಂದಿದ್ದಳು. ಬಿಸಿಲಿನಲ್ಲಿ ಇಪ್ಪತ್ತು ಮೂವತ್ತು ಹುಡುಗಿಯರು ಸುತ್ತೋಡುತ್ತಿದ್ದರು, ಮರದ ಕೆಳಗೆ ಅವರ ತಾಯಂದಿರು. ಭಾನುವಿನ ಸರದಿ ಇನ್ನೂ ಬಂದಿರಲಿಲ್ಲ. ಗೇಟಿನ ಕಡೆ ನೋಡಿದರೆ ಭದ್ರಮ್ಮ ಬರುತ್ತಿದ್ದಳು. ಆಡುವುದು ನೋಡಲು ಎದೆ ಗಟ್ಟಿಯಿಲ್ಲ, ಬರುವುದಿಲ್ಲ ಎಂದು ಬೆಳಿಗ್ಗೆ ಹಟ ಹಿಡಿದಿದ್ದವಳು ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಸೆರಗಿನ ತುದಿಯಲ್ಲಿ ದೊಡ್ಡ ಗಂಟಿತ್ತು. ಗಂಟಿನ ಬಟ್ಟೆ ಒದ್ದೆಯಾಗಿ ಟೊಮೆಟೊದ ಕೆಂಪು ಬಣ್ಣ ಹತ್ತಿತ್ತು.

ಅವಳು ಸೊಸೆಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಹುಡುಗಿಯರು ಕುಳಿತಿದ್ದ ಕಡೆ ಹೋದಳು. ಗಂಟು ಬಿಚ್ಚಿ ಭಾನುವಿನ ಬೊಗಸೆಗೆ ಗುಗ್ಗರಿ ಹಾಕಿ, ಆಟಕ್ಕೆ ಇನ್ನೂ ಹೊತ್ತಿದೆ, ನಿಧಾನಕ್ಕೆ ಅಗಿದು ತಿನ್ನು ಎಂದಳು. ಪಕ್ಕದ ಹುಡುಗಿಯೂ ಕೈ ಚಾಚಿದಳು. ಅವಳ ತಾಯಿ ಮರದ ಕೆಳಗಿನಿಂದ ಎದ್ದು ಬಂದು ಮಗಳ ಕೈ ಹಿಡಿದುಕೊಂಡಳು.

"ಬ್ಯಾಡ ಅಜ್ಜೀ, ಹುರುಳಿ ಉಷ್ಣ. ಅವ್ಳು ಮುಟ್ಟಾಗವ್ಳೆ."

ಮೈದಾನದ ಈ ಬದಿಯಿಂದ ಶಾಂತಿ ಎದ್ದು ನಿಂತು ನೋಡುತ್ತಿದ್ದಳು. ಭದ್ರಮ್ಮ ಸೆರಗಿನಿಂದ ಒಂದು ಹಿಡಿ ತೆಗೆದು, ಎಲ್ಲರೂ ನೋಡುತ್ತಿರುವ ಹಾಗೆ ತನ್ನ ಬಾಯಿಗೆ ಹಾಕಿಕೊಂಡು, ಉಳಿದಿದ್ದ ಹಲ್ಲಿನಲ್ಲಿ ಪೂರ್ತಿ ಅಗಿದು ನುಂಗಿದಳು. ನಲವತ್ತೈದು ವರ್ಷದ ಮೇಲೆ ತಿಂದ ಹಿಡಿ ಅದು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ತಲೆ ತಗ್ಗಲಿಲ್ಲ.

"ನಾನೂ ಹಂಗೇ ಅಂದ್ಕೊಂಡು ಹೆತ್ತ ಮಗಳಿಗೆ ಮುಂಚಿಂದ ಕೊಡ್ಲಿಲ್ಲ ಕಣಮ್ಮ. ಕೈ ಬುಡು" ಎಂದಳು.

ತಾಯಿಯ ಹಿಡಿತ ಸಡಿಲವಾಯಿತು. ಭದ್ರಮ್ಮ ಆ ಹುಡುಗಿಯ ಅಂಗೈ ತುಂಬಿಸಿ, ಸೆರಗನ್ನು ಅಗಲ ಮಾಡಿ ಹಿಡಿದುಕೊಂಡು ಮುಂದಿನ ಹುಡುಗಿಯ ಬಳಿಗೆ ಹೋದಳು.